ಶಾಲಾ ಮಾಹಿತಿ ವ್ಯವಸ್ಥೆಯಲ್ಲಿ ಬಳಕೆದಾರರ ಖಾತೆಗಳ ನಿರ್ವಹಣೆ

ದಾಖಲಾತಿ, ಹಾಜರಿ, ಅಂಕ, ಶುಲ್ಕ, ವರ್ಗಾವಣೆ ಪತ್ರ ಮುಂತಾದ ಶಾಲಾ ಕೆಲಸಗಳು ಕಂಪ್ಯೂಟರಿನ ಮೂಲಕ ನಡೆಯುವಾಗ ಯಾರು ಒಳಗೆ ಬರಬಹುದು, ಬಂದವರು ಏನನ್ನು ನೋಡಬಹುದು, ಏನನ್ನು ತಿದ್ದಬಹುದು, ತಿದ್ದಿದ್ದು ಯಾರ ಹೆಸರಿನಲ್ಲಿ ದಾಖಲಾಗಬೇಕು ಎಂಬುದನ್ನು ತೀರ್ಮಾನಿಸುವ ಏರ್ಪಾಡು. ಬಳಕೆದಾರ ಹೆಸರು, ಪಾಸ್‌ವರ್ಡ್ ಇವು ಅದರ ಹೊರಗೆ ಕಾಣುವ ಭಾಗ ಮಾತ್ರ. ಖಾತೆ ತೆರೆಯುವುದು, ಅಧಿಕಾರ ಕೊಡುವುದು, ತರಗತಿ ಬದಲಾದಾಗ ಅಧಿಕಾರವನ್ನೂ ಬದಲಿಸುವುದು, ಪಾಸ್‌ವರ್ಡ್ ಮರೆತವರಿಗೆ ಹೊಸದನ್ನು ಕೊಡುವುದು, ಶಾಲೆ ಬಿಟ್ಟವರ ಖಾತೆ ಮುಚ್ಚುವುದು, ಇಷ್ಟಕ್ಕೂ ಲೆಕ್ಕ ಇಡುವುದು ಇವೆಲ್ಲ ಇದರೊಳಗೆ ಸೇರುತ್ತವೆ.

ಇದೇ ಕೆಲಸ ಬ್ಯಾಂಕಿನಲ್ಲೂ ಆಸ್ಪತ್ರೆಯಲ್ಲೂ ಇದೆ. ಶಾಲೆಯಲ್ಲಿ ತೊಡಕು ಹೆಚ್ಚು. ಇಲ್ಲಿ ದಾಖಲೆ ಯಾರದೋ ಆ ಮಗು ಅಪ್ರಾಪ್ತ. ದಾಖಲೆಯನ್ನು ಬರೆಯುವವರು, ನೋಡುವವರು, ಅದಕ್ಕೆ ಒಪ್ಪಿಗೆ ಕೊಡುವವರು ಎಲ್ಲರೂ ಬೇರೆಯವರು. ಜೊತೆಗೆ ಬ್ಯಾಂಕಿನ ಗ್ರಾಹಕರು ಒಬ್ಬೊಬ್ಬರಾಗಿ ಬರುತ್ತಾರೆ, ಒಬ್ಬೊಬ್ಬರಾಗಿ ಹೋಗುತ್ತಾರೆ. ಶಾಲೆಯಲ್ಲಿ ಹಾಗಲ್ಲ: ಬೇಸಿಗೆ ರಜೆ ಮುಗಿದು ಬಾಗಿಲು ತೆರೆದ ವಾರದಲ್ಲೇ ಒಂದು ತಂಡ ಹೊರಗೆ ಹೋಗಿರುತ್ತದೆ, ಇನ್ನೊಂದು ಒಳಗೆ ಬಂದಿರುತ್ತದೆ, ಉಳಿದ ಮಕ್ಕಳೆಲ್ಲ ಒಂದು ತರಗತಿ ಮೇಲೆ ಹತ್ತಿರುತ್ತಾರೆ, ವೇಳಾಪಟ್ಟಿ ಹೊಸದಾಗಿರುತ್ತದೆ. ಯಾವ ಶಿಕ್ಷಕರು ಯಾವ ಮಕ್ಕಳ ಅಂಕ ತುಂಬಬೇಕು ಎಂಬ ಪ್ರಶ್ನೆಗೆ ಏಪ್ರಿಲ್‌ನಲ್ಲಿ ಇದ್ದ ಉತ್ತರ ಜೂನ್‌ನಲ್ಲಿ ಪೂರ್ತಿ ತಪ್ಪು.

ಹಿನ್ನೆಲೆ

ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವಾಗ ಒಬ್ಬೊಬ್ಬರಿಗೂ ಪಾಸ್‌ವರ್ಡ್ ಕೊಡುವ ಪದ್ಧತಿ 1960ರ ದಶಕದ ಆರಂಭದಲ್ಲಿ ಅಮೆರಿಕದ ಎಂಐಟಿಯ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯಲ್ಲಿ ಬಳಕೆಗೆ ಬಂತು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥ ಫರ್ನಾಂಡೊ ಕೊರ್ಬಾಟೊ. 1962ರಲ್ಲಿ ಅಲ್ಲಿಯ ಸಂಶೋಧನಾ ವಿದ್ಯಾರ್ಥಿ ಅಲನ್ ಶೆರ್, ತಮಗೆ ಹಂಚಿಕೆಯಾದ ಯಂತ್ರದ ಸಮಯ ಸಾಲದೆಂದು ಎಲ್ಲರ ಪಾಸ್‌ವರ್ಡ್ ಇದ್ದ ಕಡತವನ್ನೇ ಅಚ್ಚು ಹಾಕಿಸಿಕೊಂಡರು. ಬಹಳ ವರ್ಷಗಳ ಮೇಲೆ ತಾವೇ ಅದನ್ನು ಹೇಳಿಕೊಂಡರು. ಪಾಸ್‌ವರ್ಡ್ ಬೆಳೆದದ್ದೂ ವಿದ್ಯಾಸಂಸ್ಥೆಯಲ್ಲಿ, ಅದರ ಮೊದಲ ಕಳವುಗಳಲ್ಲಿ ಒಂದು ನಡೆದದ್ದೂ ವಿದ್ಯಾಸಂಸ್ಥೆಯಲ್ಲಿ!

ಶಾಲೆಗಳಿಗೆಂದೇ ತಂತ್ರಾಂಶಗಳು ಬಂದದ್ದು ಅದಾದ ಎಷ್ಟೋ ಕಾಲಕ್ಕೆ. ಬ್ರಿಟನ್ನಿನ ಸಿಮ್ಸ್ 1980ರ ದಶಕದಲ್ಲಿ ಬೆಡ್‌ಫರ್ಡ್‌ಶೈರಿನಲ್ಲಿ ಹುಟ್ಟಿತು. ಆಗ ಖಾತೆಗಳ ಚಿಂತೆ ದೊಡ್ಡದಿರಲಿಲ್ಲ; ಕಂಪ್ಯೂಟರ್ ಇದ್ದದ್ದು ಕಚೇರಿಯ ಕೋಣೆಯಲ್ಲಿ, ಆ ಕೋಣೆಗೆ ಬೀಗ ಇತ್ತು. ಅಮೆರಿಕದಲ್ಲಿ 1997ರಲ್ಲಿ ಶುರುವಾದ ಪವರ್‌ಸ್ಕೂಲ್‌ನಂಥ ವ್ಯವಸ್ಥೆಗಳು ದಾಖಲೆಯನ್ನು ಅಂತರ್ಜಾಲಕ್ಕೆ ತಂದವು. ಪೋಷಕರು ಮನೆಯಿಂದಲೇ ಹಾಜರಿ, ಅಂಕ ನೋಡತೊಡಗಿದರು. ಬೀಗದ ಜಾಗವನ್ನು ಖಾತೆ ಹಿಡಿದದ್ದು ಆಗ. ಭಾರತದಲ್ಲಿ ಬೆಂಗಳೂರಿನ ಫೋರೇಡಿಯನ್ ಟೆಕ್ನಾಲಜೀಸ್ 2009ರಲ್ಲಿ ಫೆಡೆನಾ ಎಂಬ ಮುಕ್ತ ತಂತ್ರಾಂಶವನ್ನು ಹೊರತಂದಿತು. ಕೇರಳ ಸರ್ಕಾರದ ‘ಸಂಪೂರ್ಣ’ ಯೋಜನೆಗೆ ಅದೇ ಬುನಾದಿಯಾಯಿತು.

ಪಾತ್ರ ಮತ್ತು ವ್ಯಾಪ್ತಿ

ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಅಧಿಕಾರ ಕೊಡುವ ಬದಲು ‘ಶಿಕ್ಷಕ’, ‘ಗುಮಾಸ್ತ’, ‘ಪೋಷಕ’ ಎಂಬ ಪಾತ್ರಗಳಿಗೆ ಅಧಿಕಾರ ಕೊಟ್ಟು, ಜನರನ್ನು ಆ ಪಾತ್ರಗಳಿಗೆ ನೇಮಿಸುವ ವಿಧಾನವನ್ನು ಅಮೆರಿಕದ ಮಾನಕ ಸಂಸ್ಥೆಯ ಡೇವಿಡ್ ಫೆರಾಯೊಲೊ ಮತ್ತು ರಿಚರ್ಡ್ ಕುನ್ 1992ರಲ್ಲಿ ಶಾಸ್ತ್ರಬದ್ಧವಾಗಿ ಮಂಡಿಸಿದರು. 2004ರಲ್ಲಿ ಅದು ಅಮೆರಿಕದ ಮಾನಕವಾಯಿತು. ಇದಕ್ಕೂ ಮೊದಲೇ, 1975ರಲ್ಲಿ, ಕಂಪ್ಯೂಟರ್ ವಿಜ್ಞಾನಿಗಳಾದ ಸಾಲ್ಟ್‌ಜರ್ ಮತ್ತು ಶ್ರೋಡರ್ ಇನ್ನೊಂದು ಸೂತ್ರ ಹೇಳಿದ್ದರು: ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ, ಅದಕ್ಕಿಂತ ಒಂದಿಷ್ಟೂ ಹೆಚ್ಚಲ್ಲ.

ಶಾಲೆಗೆ ಪಾತ್ರ ಒಂದೇ ಸಾಲದು, ವ್ಯಾಪ್ತಿಯೂ ಬೇಕು. ಎಂಟನೇ ತರಗತಿ ‘ಬಿ’ ವಿಭಾಗಕ್ಕೆ ಗಣಿತ ಹೇಳುವವರು ಆ ವಿಭಾಗದ ಗಣಿತದ ಅಂಕ ಮಾತ್ರ ತುಂಬಬೇಕು. ಅವರೇ ಒಂಬತ್ತನೇ ‘ಎ’ಗೆ ತರಗತಿ ಶಿಕ್ಷಕರಾಗಿದ್ದರೆ ಅಲ್ಲಿ ಎಲ್ಲ ವಿಷಯದ ಅಂಕವನ್ನೂ ನೋಡಬೇಕು, ಆದರೆ ಬೇರೆಯವರ ವಿಷಯವನ್ನು ತಿದ್ದಬಾರದು. ಅವರ ಮಗಳು ಅದೇ ಶಾಲೆಯಲ್ಲಿ ಆರನೇ ತರಗತಿಯಲ್ಲಿದ್ದರೆ ಅಲ್ಲಿ ಅವರು ಪೋಷಕರು ಮಾತ್ರ. ವ್ಯಕ್ತಿ ಒಬ್ಬರೇ, ಸಂಬಂಧ ಮೂರು. ಮೂಡಲ್ ಎಂಬ ಕಲಿಕಾ ತಂತ್ರಾಂಶ 2006ರ ತನ್ನ 1.7ನೇ ಆವೃತ್ತಿಯಲ್ಲಿ ಪಾತ್ರವನ್ನು ಇಡೀ ವ್ಯವಸ್ಥೆಗೆ, ಒಂದು ವಿಭಾಗಕ್ಕೆ, ಒಂದು ಪಾಠಕ್ರಮಕ್ಕೆ, ಬೇಕಾದರೆ ಒಂದು ಚಟುವಟಿಕೆಗೆ ಮಾತ್ರ ಸೀಮಿತಗೊಳಿಸುವ ಅನುಕೂಲ ತಂದಿತು. ಹೀಗಿದ್ದರೂ ಇಂದು ಮಾರುಕಟ್ಟೆಯಲ್ಲಿರುವ ಹಲವು ತಂತ್ರಾಂಶಗಳಲ್ಲಿ ‘ಶಿಕ್ಷಕ’ ಎಂಬ ಒಂದೇ ಪಾತ್ರ ಇಡೀ ಶಾಲೆಯ ಮಕ್ಕಳ ಫೋನ್ ಸಂಖ್ಯೆ, ಜಾತಿ, ಆದಾಯವನ್ನೆಲ್ಲ ತೆರೆದಿಡುತ್ತದೆ. ಕೊಳ್ಳುವಾಗ ಶಾಲೆಗಳು ಬೆಲೆ ಕೇಳುತ್ತವೆ, ಎಸ್ಎಂಎಸ್ ಎಷ್ಟು ಬರುತ್ತದೆಂದು ಕೇಳುತ್ತವೆ. ಯಾವ ಪಾತ್ರಕ್ಕೆ ಏನೆಲ್ಲ ಕಾಣುತ್ತದೆಂದು ಕೇಳುವುದು ಅಪರೂಪ.

ವಿಭಾಗಿಸಿ ಕೊಡಬೇಕಾದ ಅಧಿಕಾರ ಇನ್ನೊಂದಿದೆ. ಅಂಕ ತುಂಬುವವರು ಬೇರೆ, ಅದನ್ನು ಅಂತಿಮಗೊಳಿಸಿ ‘ಫ್ರೀಜ್’ ಮಾಡುವವರು ಬೇರೆ, ಫ್ರೀಜ್ ಆದ ಮೇಲೆ ತೆರೆದು ತಿದ್ದುವವರು ಮತ್ತೂ ಬೇರೆ ಆಗಿರಬೇಕು. ಒಬ್ಬರ ಕೈಯಲ್ಲೇ ಮೂರೂ ಇದ್ದರೆ ತಿದ್ದುಪಡಿ ನಡೆದದ್ದೇ ಗೊತ್ತಾಗುವುದಿಲ್ಲ.

ಭಾರತದ ವ್ಯವಸ್ಥೆಗಳು ಮತ್ತು ಕರ್ನಾಟಕ

ದೇಶದ ಶಾಲೆಗಳ ಅಂಕಿಅಂಶ ಕಲೆಹಾಕುವ ‘ಡೈಸ್’ 1990ರ ದಶಕದ ಮಧ್ಯದಲ್ಲಿ ಶುರುವಾಯಿತು. 2012–13ರಲ್ಲಿ ಪ್ರೌಢಶಾಲೆಗಳ ಮಾಹಿತಿಯೂ ಕೂಡಿ ‘ಯುಡೈಸ್’ ಆಯಿತು. 2018–19ರಿಂದ ‘ಯುಡೈಸ್ ಪ್ಲಸ್’ ಎಂಬ ಹೆಸರಿನಲ್ಲಿ ಆನ್‌ಲೈನಿಗೆ ಬಂತು. ಅಲ್ಲಿಯವರೆಗೆ ಶಾಲೆ ಕೊಡುತ್ತಿದ್ದದ್ದು ಒಟ್ಟು ಸಂಖ್ಯೆ: ಐದನೇ ತರಗತಿಯಲ್ಲಿ ಇಷ್ಟು ಹುಡುಗರು, ಇಷ್ಟು ಹುಡುಗಿಯರು. 2022–23ರಿಂದ ಒಬ್ಬೊಬ್ಬ ವಿದ್ಯಾರ್ಥಿಯ ಹೆಸರಿನಲ್ಲೇ ಮಾಹಿತಿ ತುಂಬುವ ಪದ್ಧತಿ ಬಂತು. 2023–24ರ ವರದಿಯಂತೆ ಇದರಲ್ಲಿ ಸುಮಾರು 14.7 ಲಕ್ಷ ಶಾಲೆಗಳು, 24.8 ಕೋಟಿ ವಿದ್ಯಾರ್ಥಿಗಳು. ಖಾತೆಗಳ ಪ್ರಶ್ನೆಗೆ ನಿಜವಾದ ತೂಕ ಬಂದದ್ದು ಈ ಬದಲಾವಣೆಯಿಂದ. ಒಟ್ಟು ಸಂಖ್ಯೆ ಸೋರಿದರೆ ಯಾರಿಗೂ ಹಾನಿಯಿಲ್ಲ. ಹೆಸರು, ಜನ್ಮದಿನಾಂಕ, ತಂದೆತಾಯಿಯ ಹೆಸರು, ಅಂಗವೈಕಲ್ಯದ ವಿವರ ಸೋರಿದರೆ ಹಾನಿ ಒಂದು ಮಗುವಿಗೆ.

ಕರ್ನಾಟಕದಲ್ಲಿ ಇದರ ಜೊತೆಗೆ ರಾಜ್ಯದ್ದೇ ಆದ ‘ಸ್ಯಾಟ್ಸ್’ ಇದೆ: ಸ್ಟೂಡೆಂಟ್ ಅಚೀವ್‌ಮೆಂಟ್ ಟ್ರ್ಯಾಕಿಂಗ್ ಸಿಸ್ಟಂ. ಪ್ರತಿ ವಿದ್ಯಾರ್ಥಿಗೂ ಒಂದು ಸ್ಯಾಟ್ಸ್ ಸಂಖ್ಯೆ, ಶಾಲೆ ಬದಲಾದರೂ ಅದೇ. ದಾಖಲಾತಿ, ವರ್ಗಾವಣೆ ಪತ್ರ, ಮೌಲ್ಯಾಂಕನದ ಫಲಿತಾಂಶ ಇದರ ಮೂಲಕ ಸಾಗುತ್ತವೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮಕ್ಕಳನ್ನು ನೋಂದಾಯಿಸುವಾಗಲೂ ಇದೇ ಮಾಹಿತಿ ಆಧಾರ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಅಚ್ಚಾದ ಹೆಸರು ಮತ್ತು ಜನ್ಮದಿನಾಂಕ ಮುಂದೆ ಪಾಸ್‌ಪೋರ್ಟಿನಿಂದ ನಿವೃತ್ತಿಯವರೆಗೆ ಬೆನ್ನಿಗಿರುವುದರಿಂದ, ಒಂದನೇ ತರಗತಿಯ ದಾಖಲಾತಿಯಲ್ಲಿ ಯಾರೋ ಅವಸರದಲ್ಲಿ ಒತ್ತಿದ ಒಂದು ಅಂಕಿಯ ಬೆಲೆ ಸಣ್ಣದಲ್ಲ.

ಈ ವ್ಯವಸ್ಥೆಗಳಲ್ಲಿ ಖಾತೆಗಳು ಇಲಾಖೆಯ ಏಣಿಯನ್ನೇ ಅನುಸರಿಸುತ್ತವೆ. ಶಾಲೆಯ ಮಟ್ಟದಲ್ಲಿ ಮುಖ್ಯ ಶಿಕ್ಷಕರ ಲಾಗಿನ್. ಮೇಲೆ ಬ್ಲಾಕ್ ಮಟ್ಟದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ, ಜಿಲ್ಲೆಯಲ್ಲಿ ಉಪನಿರ್ದೇಶಕರ ಕಚೇರಿ, ಕೊನೆಗೆ ರಾಜ್ಯ. ಪಾಸ್‌ವರ್ಡ್ ಮರೆತರೆ ಮೇಲಿನ ಮೆಟ್ಟಿಲಿನವರು ಹೊಸದನ್ನು ಕೊಡುತ್ತಾರೆ. ಹೆಸರು, ಜನ್ಮದಿನಾಂಕದಂಥ ಮುಖ್ಯ ತಿದ್ದುಪಡಿಗೆ ಶಾಲೆಯ ಕೋರಿಕೆ, ಮೇಲಿನ ಒಪ್ಪಿಗೆ. ವಿನ್ಯಾಸ ಒಳ್ಳೆಯದೇ. ಯಾರ ಮೇಜಿನ ಮೇಲೆ ಕಡತ ಇದೆ ಎಂಬುದು ಎಲ್ಲರಿಗೂ ತಿಳಿದಿರುವ ಏಣಿ ಅದು.

ಕೊರತೆ ಇರುವುದು ಕೆಳಗಿನ ಮೆಟ್ಟಿಲಲ್ಲಿ. ಶಾಲೆಯ ಖಾತೆ ವ್ಯಕ್ತಿಯದಲ್ಲ, ಸಂಸ್ಥೆಯದು. ಬಳಕೆದಾರ ಹೆಸರಾಗಿ ಶಾಲೆಯ 11 ಅಂಕಿಯ ಯುಡೈಸ್ ಸಂಖ್ಯೆಯನ್ನೇ ಇಡುವ ರೂಢಿ ಇದೆ. ಅದರ ಮೊದಲೆರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ಆಮೇಲೆ ಜಿಲ್ಲೆ, ಬ್ಲಾಕ್, ಊರು, ಶಾಲೆ. ಇದು ಶಾಲೆಯ ಫಲಕದ ಮೇಲೂ ಬರೆದಿರುವ ಸಾರ್ವಜನಿಕ ಸಂಖ್ಯೆ. ಹಾಗಾಗಿ ಗುಟ್ಟಾಗಿ ಉಳಿಯಬೇಕಾದದ್ದು ಪಾಸ್‌ವರ್ಡ್ ಒಂದೇ. ಆ ಒಂದಾದರೂ ಗುಟ್ಟಾಗಿ ಉಳಿಯುತ್ತದೆಯೇ? ಮುಖ್ಯ ಶಿಕ್ಷಕರು ಅದನ್ನು ಕಂಪ್ಯೂಟರ್ ಬಲ್ಲ ಸಹ ಶಿಕ್ಷಕರಿಗೆ ಕೊಡುತ್ತಾರೆ, ಸಹ ಶಿಕ್ಷಕರು ರಜೆಯಲ್ಲಿದ್ದಾಗ ಇನ್ನೊಬ್ಬರಿಗೆ ಹೇಳುತ್ತಾರೆ, ಕೊನೆಯ ದಿನಾಂಕ ನಾಳೆಯಾದಾಗ ಅದು ಪಟ್ಟಣದ ಸೈಬರ್ ಅಂಗಡಿಯ ಚೀಟಿಯ ಮೇಲೂ ಇರುತ್ತದೆ, ವಾಟ್ಸ್‌ಆಪ್ ಗುಂಪಿನಲ್ಲೂ ಇರುತ್ತದೆ. ಇದಕ್ಕೆ ಶಿಕ್ಷಕರನ್ನು ಬೈಯುವುದು ಸುಲಭ. ಆದರೆ ಏಕೋಪಾಧ್ಯಾಯ ಶಾಲೆಯಲ್ಲಿ ಪಾಠ, ಬಿಸಿಯೂಟ, ಗಣತಿ ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳಬೇಕು. ನೆಟ್‌ವರ್ಕ್ ಸಿಗುವ ಗುಡ್ಡ ಹುಡುಕಿ ತಮ್ಮದೇ ಮೊಬೈಲಿನಲ್ಲಿ ಮಾಹಿತಿ ತುಂಬುವವರಿಗೆ ಪಾಸ್‌ವರ್ಡ್ ಹಂಚಬೇಡಿ ಎಂಬ ಸುತ್ತೋಲೆ ಕಳಿಸಿದರೆ ಏನೂ ಬದಲಾಗುವುದಿಲ್ಲ. ಖಾತೆಯನ್ನು ಹಂಚಿಕೊಳ್ಳಬೇಕಾದ ಅಗತ್ಯವನ್ನೇ ತೆಗೆಯಬೇಕು: ಪ್ರತಿ ಶಿಕ್ಷಕರಿಗೂ ಅವರದೇ ಲಾಗಿನ್, ಮುಖ್ಯ ಶಿಕ್ಷಕರು ತಮ್ಮ ಅಧಿಕಾರದ ಒಂದು ತುಂಡನ್ನು ಇಂತಿಷ್ಟು ದಿನಕ್ಕೆಂದು ಅವರಿಗೆ ವಹಿಸಿಕೊಡುವ ಅನುಕೂಲ, ದಿನ ಮುಗಿದ ಕೂಡಲೇ ಅದು ತಾನಾಗಿ ರದ್ದಾಗುವ ಏರ್ಪಾಡು.

ಇದಕ್ಕೆ ಮಾದರಿ ಹೊರಗೆಲ್ಲೂ ಹುಡುಕಬೇಕಾಗಿಲ್ಲ. ಮುಖ್ಯ ಶಿಕ್ಷಕರು ವರ್ಗವಾದಾಗ ಅಥವಾ ನಿವೃತ್ತರಾದಾಗ ಪ್ರಭಾರ ವಹಿಸಿಕೊಡುವ ಶಿಸ್ತು ನಮ್ಮ ಶಾಲೆಗಳಲ್ಲಿ ತಲೆಮಾರುಗಳಿಂದ ಇದೆ. ದಾಖಲಾತಿ ವಹಿ, ನಗದು ಪುಸ್ತಕ, ಬೀರುವಿನ ಬೀಗದ ಕೈ, ಅಕ್ಕಿಯ ದಾಸ್ತಾನು ಎಲ್ಲವನ್ನೂ ಪಟ್ಟಿ ಮಾಡಿ, ಕೊಟ್ಟವರೂ ಪಡೆದವರೂ ದಿನಾಂಕ ಹಾಕಿ ಸಹಿ ಮಾಡುತ್ತಾರೆ. ಅದರ ನಂತರ ಏನು ಹೆಚ್ಚುಕಡಿಮೆಯಾದರೂ ಯಾರು ಉತ್ತರ ಹೇಳಬೇಕೆಂದು ಸ್ಪಷ್ಟ. ಡಿಜಿಟಲ್ ಖಾತೆಗಳಿಗೆ ಇದೇ ಶಿಸ್ತು ಬೇಕು: ಪ್ರಭಾರದ ದಿನವೇ ಹಳಬರ ಮೊಬೈಲ್ ಸಂಖ್ಯೆ ತೆಗೆದು ಹೊಸಬರದನ್ನು ಸೇರಿಸುವುದು, ಪಾಸ್‌ವರ್ಡ್ ಬದಲಿಸುವುದು, ಯಾವ ಯಾವ ಪೋರ್ಟಲಿನ ಲಾಗಿನ್ ಇವೆ ಎಂದು ಪಟ್ಟಿಯಲ್ಲಿ ಬರೆಯುವುದು. ಹಾಗಾಗದಿದ್ದರೆ ಒಟಿಪಿಗಳು ನಿವೃತ್ತರಾಗಿ ಊರು ಸೇರಿದವರ ಫೋನಿಗೆ ಹೋಗುತ್ತಲೇ ಇರುತ್ತವೆ, ಇಲ್ಲಿಯವರು ಅವರಿಗೆ ಫೋನ್ ಮಾಡಿ ‘ಸಾರ್, ಒಂದು ಒಟಿಪಿ ಬಂದಿರಬೇಕು, ಹೇಳಿ’ ಎಂದು ಕೇಳುತ್ತಲೇ ಇರುತ್ತಾರೆ.

ಶಾಲೆಯಿಂದ ಶಾಲೆಗೆ ಮಗುವಿನ ದಾಖಲೆ ದಾಟುವ ಹಂತವೂ ಸೂಕ್ಷ್ಮ. ಹಳೆಯ ಶಾಲೆ ಬಿಟ್ಟುಕೊಡಬೇಕು, ಹೊಸ ಶಾಲೆ ಸೇರಿಸಿಕೊಳ್ಳಬೇಕು. ಎಲ್ಲಿಗೆ ಹೋಯಿತೆಂದು ತಿಳಿಯದ ಮಗು ಯುಡೈಸ್ ಪ್ಲಸ್‌ನಲ್ಲಿ ‘ಡ್ರಾಪ್ ಬಾಕ್ಸ್’ ಪಟ್ಟಿಗೆ ಸೇರುತ್ತದೆ. ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಬಂದ ಕುಟುಂಬದ ಮಗುವನ್ನು ಹೊಸ ಶಾಲೆ ಸೇರಿಸಿಕೊಳ್ಳಲು ಮನಸ್ಸು ಮಾಡಿದರೂ, ಆ ದಾಖಲೆಯನ್ನು ಬಿಡುಗಡೆ ಮಾಡುವ ಗುಂಡಿ ನಾನೂರು ಐನೂರು ಕಿಲೋಮೀಟರ್ ದೂರದ ಒಂದು ಲಾಗಿನ್‌ನಲ್ಲಿ ಇರುತ್ತದೆ. ಆ ಲಾಗಿನ್ ತೆರೆಯದ ದಿನಗಳಷ್ಟೂ ಮಗು ತರಗತಿಯಲ್ಲಿ ಕುಳಿತಿದ್ದರೂ ಲೆಕ್ಕದಲ್ಲಿ ಶಾಲೆಯ ಹೊರಗೆ.

ಗುರುತಿನ ತೊಂದರೆ

ಹೆಸರಿನಿಂದ ಬಳಕೆದಾರ ಹೆಸರು ಮಾಡುವ ಪಾಶ್ಚಾತ್ಯ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಒಂದೇ ತರಗತಿಯಲ್ಲಿ ಮೂವರು ಮಂಜುನಾಥರಿರಬಹುದು. ಇಂಗ್ಲಿಷ್ ಅಕ್ಷರದಲ್ಲಿ ಬರೆದಾಗ ಒಬ್ಬರದು ಒಂದೊಂದು ರೀತಿ. ಇನಿಷಿಯಲ್ ಮೊದಲು ಬರುವುದೋ ಕೊನೆಗೋ, ಅದು ಊರಿನದೋ ತಂದೆಯದೋ ಎಂಬುದೂ ದಾಖಲೆಯಿಂದ ದಾಖಲೆಗೆ ಬೇರೆ. ಆಧಾರ್‌ನಲ್ಲಿ ಒಂದು, ದಾಖಲಾತಿ ವಹಿಯಲ್ಲಿ ಇನ್ನೊಂದು ಇದ್ದರೆ ಒಂದೇ ಮಗುವಿಗೆ ಎರಡು ದಾಖಲೆ ಹುಟ್ಟುತ್ತದೆ. ಆದ್ದರಿಂದ ಅರ್ಥವಿಲ್ಲದ, ಬದಲಾಗದ ಸಂಖ್ಯೆಯೇ ಮೇಲು. ಸ್ಯಾಟ್ಸ್ ಸಂಖ್ಯೆ, ಯುಡೈಸ್ ಪ್ಲಸ್‌ನ ಪೆನ್ ಸಂಖ್ಯೆ, 12 ಅಂಕಿಯ ‘ಅಪಾರ್’ ಗುರುತು ಈ ಜಾತಿಯವು. ಅಪಾರ್‌ಗೆ ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು. ಒಂದು ಮಗುವಿಗೆ ಮೂರು ಸಂಖ್ಯೆ ಏಕೆ ಎಂದು ಮುಖ್ಯ ಶಿಕ್ಷಕರು ಕೇಳುವುದು ನ್ಯಾಯವೇ.

ಸಂಖ್ಯೆ ಗುರುತು ಮಾತ್ರ, ಗುಟ್ಟಲ್ಲ. ದಾಖಲಾತಿ ಸಂಖ್ಯೆಯನ್ನೇ ಬಳಕೆದಾರ ಹೆಸರಾಗಿಟ್ಟು, ಅದರ ಕೊನೆಗೆ 123 ಸೇರಿಸಿ ಮೊದಲ ಪಾಸ್‌ವರ್ಡ್ ಮಾಡುವ, ಅಥವಾ ಜನ್ಮದಿನಾಂಕವನ್ನೇ ಪಾಸ್‌ವರ್ಡ್ ಮಾಡುವ ಚಾಳಿ ಖಾಸಗಿ ಶಾಲೆಗಳ ತಂತ್ರಾಂಶಗಳಲ್ಲಿ ವ್ಯಾಪಕ. ಪಕ್ಕದ ಬೆಂಚಿನ ಹುಡುಗನಿಗೆ ಇವೆರಡೂ ಗೊತ್ತಿರುತ್ತವೆ. ಮೊದಲ ಬಾರಿ ಒಳಬಂದಾಗಲೇ ಬದಲಿಸಲು ಒತ್ತಾಯಿಸದ ವ್ಯವಸ್ಥೆಯಲ್ಲಿ ಪಾಸ್‌ವರ್ಡ್ ಇದ್ದೂ ಇಲ್ಲದಂತೆ. ಹಾಗೆಂದು ತಿಂಗಳಿಗೊಮ್ಮೆ ಬದಲಿಸಿ ಎಂದು ಪೀಡಿಸುವುದೂ ತಪ್ಪು. ಕಾರಣವಿಲ್ಲದೆ ಕಾಲಕಾಲಕ್ಕೆ ಬದಲಿಸುವ ನಿಯಮವನ್ನು, ದೊಡ್ಡಕ್ಷರ, ಅಂಕಿ, ಚಿಹ್ನೆ ಇರಲೇಬೇಕೆಂಬ ಕಟ್ಟಳೆಯನ್ನು ಅಮೆರಿಕದ ಮಾನಕ ಸಂಸ್ಥೆ 2017ರ ಮಾರ್ಗಸೂಚಿಯಲ್ಲಿ ಕೈಬಿಟ್ಟಿತು. ಇಂಥ ಕಟ್ಟಳೆ ಹೇರಿದರೆ ಜನ ಪಾಸ್‌ವರ್ಡನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡುತ್ತಾರೆ ಎಂಬುದು ಅನುಭವದ ಮಾತು. ಓದು ಬಾರದ ಪುಟ್ಟ ಮಕ್ಕಳಿಗೆ ಚಿತ್ರ ಆರಿಸುವ ಅಥವಾ ಕ್ಯೂಆರ್ ಬಿಲ್ಲೆ ತೋರಿಸುವ ವಿಧಾನಗಳು ಹೊರದೇಶಗಳಲ್ಲಿ ಬಳಕೆಯಲ್ಲಿವೆ.

ಪೋಷಕರ ಖಾತೆ

ಬೇರೆಲ್ಲ ಖಾತೆಗಳಿಗಿಂತ ಇದು ಕಷ್ಟದ್ದು. ಶಿಕ್ಷಕರನ್ನು ಶಾಲೆ ನೇಮಿಸಿಕೊಂಡಿರುತ್ತದೆ, ಮಗುವನ್ನು ದಾಖಲಿಸಿಕೊಂಡಿರುತ್ತದೆ. ಪೋಷಕರು ಯಾರೆಂದು ಶಾಲೆಗೆ ತಿಳಿಯುವುದು ಅರ್ಜಿಯಲ್ಲಿ ಬರೆದಷ್ಟು ಮಾತ್ರ. ಒಂದು ಮನೆಯ ಮೂರು ಮಕ್ಕಳಿಗೆ ಮೂರು ಲಾಗಿನ್ ಕೊಟ್ಟರೆ ಪೋಷಕರು ಬೇಸತ್ತು ಯಾವುದನ್ನೂ ಬಳಸುವುದಿಲ್ಲ. ಒಂದು ಖಾತೆಗೆ ಮೂರೂ ಮಕ್ಕಳನ್ನು ಜೋಡಿಸುವುದೇ ಸರಿ. ಬೇರೆಯಾದ ದಂಪತಿಯಲ್ಲಿ ಮಗು ಯಾರ ಸುಪರ್ದಿಯಲ್ಲಿದೆ, ವಿಳಾಸ ಯಾರಿಗೆ ಕಾಣಬಾರದು ಎಂಬುದಕ್ಕೆ ನ್ಯಾಯಾಲಯದ ಆದೇಶ ನೋಡಿಯೇ ಅಧಿಕಾರ ಬದಲಿಸಬೇಕು, ಫೋನಿನಲ್ಲಿ ಕೇಳಿದ ಮಾತಿನ ಮೇಲಲ್ಲ. ಅಜ್ಜಿಮನೆಯಲ್ಲಿ ಬೆಳೆಯುವ ಮಗುವಿಗೆ, ಹಾಸ್ಟೆಲಿನ ಮಗುವಿಗೆ ದಿನನಿತ್ಯದ ಪೋಷಕರು ತಂದೆತಾಯಿಯಲ್ಲ. ಆದರೂ ವಾರ್ಡನ್‌ಗೆ ಹಾಜರಿ ಕಂಡರೆ ಸಾಕು, ಆದಾಯ ಪ್ರಮಾಣಪತ್ರ ಕಾಣಬೇಕಾಗಿಲ್ಲ.

ಭಾರತದಲ್ಲಿ ಪೋಷಕರ ಖಾತೆ ಎಂದರೆ ಬಹುಮಟ್ಟಿಗೆ ಮೊಬೈಲ್ ಸಂಖ್ಯೆ ಮತ್ತು ಒಟಿಪಿ. ಪಾಸ್‌ವರ್ಡ್ ನೆನಪಿಡಬೇಕಾಗಿಲ್ಲದ್ದರಿಂದ ಜನಕ್ಕೆ ಅನುಕೂಲ. ಅಪಾಯವೂ ಅಲ್ಲೇ ಇದೆ. ರೀಚಾರ್ಜ್ ಮಾಡದೆ ನಿಂತುಹೋದ ಸಂಖ್ಯೆಯನ್ನು 90 ದಿನ ಕಳೆದ ಮೇಲೆ ಬೇರೆ ಗ್ರಾಹಕರಿಗೆ ಕೊಡಬಹುದೆಂದು ನಿಯಂತ್ರಕ ಸಂಸ್ಥೆ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತ್ತು. ಹಳೆಯ ಸಂಖ್ಯೆಯ ಮಾಹಿತಿಯನ್ನು ಅಳಿಸಿಕೊಳ್ಳುವುದು ಬಳಕೆದಾರರ ಹೊಣೆ ಎಂದು ಕೋರ್ಟೂ ಹೇಳಿತು. ಸಿಮ್ ಬದಲಿಸಿದ ತಾಯಿ ಶಾಲೆಗೆ ತಿಳಿಸಲು ಮರೆತರೆ, ಮಗುವಿನ ಹಾಜರಿಯ ಸಂದೇಶ ಅಪರಿಚಿತರ ಜೇಬಿಗೆ ಬೀಳುತ್ತದೆ. ಅವರು ಒಟಿಪಿ ತರಿಸಿಕೊಂಡು ಒಳಗೂ ಬರಬಹುದು. ವರ್ಷಕ್ಕೊಮ್ಮೆ, ದಾಖಲಾತಿ ನವೀಕರಣದ ಹೊತ್ತಿಗೆ, ಪ್ರತಿ ಸಂಖ್ಯೆಯನ್ನೂ ಪೋಷಕರ ಎದುರಿಗೇ ಖಚಿತಪಡಿಸಿಕೊಳ್ಳುವುದಕ್ಕಿಂತ ಉತ್ತಮ ಉಪಾಯ ಈವರೆಗೆ ಇಲ್ಲ.

ಮಗು ಬೆಳೆದ ಮೇಲೆ ಪೋಷಕರ ಅಧಿಕಾರ ಎಲ್ಲಿಯವರೆಗೆ? ಅಮೆರಿಕದ 1974ರ ಫೆರ್ಪಾ ಕಾಯ್ದೆಯಂತೆ 18 ವರ್ಷ ತುಂಬಿದಾಗ ಅಥವಾ ಕಾಲೇಜು ಸೇರಿದಾಗ ದಾಖಲೆಯ ಹಕ್ಕು ವಿದ್ಯಾರ್ಥಿಗೇ ಹೋಗುತ್ತದೆ. ನಮ್ಮಲ್ಲಿ ಎರಡನೇ ಪಿಯುಸಿ ಮುಗಿಯುವ ಹೊತ್ತಿಗೆ ಎಷ್ಟೋ ಮಕ್ಕಳು ಆ ವಯಸ್ಸನ್ನು ಮುಟ್ಟಿರುತ್ತಾರೆ. ಖಾತೆ ಮಾತ್ರ ಅಪ್ಪನ ಫೋನಿನಲ್ಲೇ ಇರುತ್ತದೆ.

ಮುಚ್ಚುವುದು

ಖಾತೆ ತೆರೆಯಲು ಎಲ್ಲರೂ ಬಂದು ಕೇಳುತ್ತಾರೆ, ಮುಚ್ಚಲು ಯಾರೂ ಕೇಳುವುದಿಲ್ಲ. ಮಾರ್ಚ್ ಕೊನೆಗೆ ಬಿಡುಗಡೆಯಾಗುವ ಅತಿಥಿ ಶಿಕ್ಷಕರು, ನಿಯೋಜನೆ ಮುಗಿಸಿ ಹೋದವರು, ತಂತ್ರಾಂಶ ಅಳವಡಿಸಿದ ಕಂಪನಿಯ ಹುಡುಗರು, ಇವರ ಖಾತೆಗಳು ವರ್ಷಗಟ್ಟಲೆ ಜೀವಂತ ಉಳಿಯುತ್ತವೆ. ಖಾತೆ ತೆರೆಯುವಾಗಲೇ ಮುಗಿಯುವ ದಿನಾಂಕ ಹಾಕುವುದು ಸರಳ ಪರಿಹಾರ. ಹಾಗೆಂದು ಖಾತೆಯನ್ನು ಅಳಿಸಿಹಾಕಬಾರದು, ನಿಷ್ಕ್ರಿಯಗೊಳಿಸಬೇಕು. ಅಳಿಸಿದರೆ ಅವರು ತುಂಬಿದ ಅಂಕಗಳ ಮುಂದೆ ಯಾರ ಹೆಸರೂ ಉಳಿಯುವುದಿಲ್ಲ.

ಒಂದೇ ಖಾತೆಯ ಸಡಿಲ ಎಷ್ಟು ದೂರ ಹೋಗಬಹುದೆಂಬುದಕ್ಕೆ ಪವರ್‌ಸ್ಕೂಲ್ ಪ್ರಕರಣ ಸಾಕ್ಷಿ. 2024ರ ಡಿಸೆಂಬರ್‌ನಲ್ಲಿ ಆ ಕಂಪನಿಯ ಗ್ರಾಹಕ ಸಹಾಯ ಪೋರ್ಟಲಿನ ಕದ್ದ ಲಾಗಿನ್ ಒಂದರಿಂದ ಒಳಹೊಕ್ಕವರು ಉತ್ತರ ಅಮೆರಿಕದ ಸಾವಿರಾರು ಶಾಲೆಗಳ ವಿದ್ಯಾರ್ಥಿ, ಶಿಕ್ಷಕರ ಮಾಹಿತಿಯನ್ನು ಎತ್ತಿಕೊಂಡು ಹೋದರು. ಆ ಲಾಗಿನ್‌ಗೆ ಎರಡನೇ ಹಂತದ ಪರಿಶೀಲನೆ ಇರಲಿಲ್ಲ. ಮರುವರ್ಷ ಮ್ಯಾಸಚುಸೆಟ್ಸ್‌ನ 19 ವರ್ಷದ ಕಾಲೇಜು ವಿದ್ಯಾರ್ಥಿಯೊಬ್ಬ ತಪ್ಪೊಪ್ಪಿಕೊಂಡ. ಕೆನಡಾದ ಟೊರಾಂಟೊ ಶಾಲಾ ಮಂಡಳಿಯ ಮಟ್ಟಿಗೆ ಸೋರಿದ ದಾಖಲೆಗಳು 1985ರಷ್ಟು ಹಿಂದಿನವು. ಆ ವರ್ಷ ಶಾಲೆಯಲ್ಲಿದ್ದವರು ಈಗ ನಡುವಯಸ್ಸಿನವರು. ಅವರ ಮಾಹಿತಿ ಅಷ್ಟು ಕಾಲ ಚಾಲ್ತಿಯ ವ್ಯವಸ್ಥೆಯಲ್ಲಿ ಇರಬೇಕಾದ ಅಗತ್ಯವೇ ಇರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ದಾಳಿಗೆ ತುತ್ತಾದ ಲಾಸ್ ಏಂಜಲೀಸ್ ಶಾಲಾ ಜಿಲ್ಲೆಯಲ್ಲಂತೂ ಲಕ್ಷಾಂತರ ವಿದ್ಯಾರ್ಥಿಗಳ, ನೌಕರರ ಪಾಸ್‌ವರ್ಡ್‌ಗಳನ್ನು ಒಟ್ಟಿಗೆ ಬದಲಿಸಬೇಕಾಯಿತು. ನಿರ್ವಾಹಕರ ಮತ್ತು ಕಂಪನಿಯವರ ಖಾತೆಗಳಿಗಾದರೂ ಎರಡು ಹಂತದ ಪರಿಶೀಲನೆ ಕಡ್ಡಾಯವಿರಬೇಕೆಂಬುದರಲ್ಲಿ ಈಗ ಭಿನ್ನಾಭಿಪ್ರಾಯ ಉಳಿದಿಲ್ಲ.

ಕಾನೂನು

ಭಾರತದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್ 11ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳು; ಅವರ ಮಾಹಿತಿ ಬಳಸಲು ಪೋಷಕರ ಖಚಿತಪಡಿಸಿಕೊಳ್ಳಬಹುದಾದ ಒಪ್ಪಿಗೆ ಬೇಕು. ಮಕ್ಕಳ ನಡೆಯನ್ನು ಹಿಂಬಾಲಿಸಿ ಗಮನಿಸುವುದಕ್ಕೆ ನಿಷೇಧವಿದೆ, ಆದರೆ ಶೈಕ್ಷಣಿಕ ಚಟುವಟಿಕೆಗೂ ಮಕ್ಕಳ ಸುರಕ್ಷತೆಗೂ ಬೇಕಾದಷ್ಟರ ಮಟ್ಟಿಗೆ ವಿದ್ಯಾಸಂಸ್ಥೆಗಳಿಗೆ ಕಾಯ್ದೆಯಡಿಯ ನಿಯಮಗಳು ವಿನಾಯಿತಿ ಕೊಟ್ಟಿವೆ. ಭದ್ರತೆಯ ಏರ್ಪಾಡಿನಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ, ಮಕ್ಕಳಿಗೆ ಸಂಬಂಧಿಸಿದ ಕರ್ತವ್ಯ ತಪ್ಪಿದರೆ 200 ಕೋಟಿವರೆಗೆ. ಯಾರು ಯಾವಾಗ ಏನನ್ನು ನೋಡಿದರು ಎಂಬ ಲಾಗ್‌ಗಳನ್ನು ಕನಿಷ್ಠ ಒಂದು ವರ್ಷ ಇಡಬೇಕೆಂದೂ ನಿಯಮಗಳಲ್ಲಿದೆ. ಒಂದೇ ಲಾಗಿನ್ ಅನ್ನು ಹತ್ತು ಜನ ಬಳಸುವ ಶಾಲೆಯಲ್ಲಿ ಇಂಥ ಲಾಗ್ ಇದ್ದರೂ ಅದರಿಂದ ತಿಳಿಯುವುದು ಶಾಲೆಯ ಹೆಸರು ಮಾತ್ರ. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿವೆ. ಮುಖ್ಯ ಕಟ್ಟುಪಾಡುಗಳು ಪ್ರಕಟಣೆಯಾಗಿ 18 ತಿಂಗಳಿಗೆ, ಅಂದರೆ 2027ರ ಮೇ ತಿಂಗಳಲ್ಲಿ, ಜಾರಿಗೆ ಬರುತ್ತವೆ.